ರೈಲು ಹಿಡಿಯಲು ನಡೆದದ್ದು ವ್ಯಾಯಾಮದ ಲೆಕ್ಕಕ್ಕೆ ಬರುತ್ತದೆಯೇ?

ಪ್ರಶ್ನೆ: ತುಮಕೂರಿನಿಂದ ಬೆಂಗಳೂರಿಗೆ ದಿನಾ ಕೆಲಸಕ್ಕೆ ಹೋಗಿ ಬರುತ್ತೇನೆ. ಕಾರು ಬಿಟ್ಟು ರೈಲು ಹತ್ತಲು ಶುರು ಮಾಡಿ ಒಂದು ತಿಂಗಳಾಯಿತು. ಮನೆಯಿಂದ ಸ್ಟೇಷನ್ನಿಗೆ 15 ನಿಮಿಷದ ನಡಿಗೆ, ಯಶವಂತಪುರದಲ್ಲಿ ಇಳಿದು ಆಫೀಸಿಗೆ 10 ನಿಮಿಷ. ಇದರ ಮೇಲೆ ಬೆಳಗಿನ ವಾಕಿಂಗೂ ಬೇಕೆ? ಈಚೆಗೆ ಹಾಸಿಗೆಯಿಂದೆದ್ದು ಕಾಲೂರಿದ ಕೂಡಲೇ ಹಿಮ್ಮಡಿ ಚುಚ್ಚುತ್ತದೆ, ಯಾಕೆ?
– ಓದುಗರೊಬ್ಬರು, ತುಮಕೂರು

ಉತ್ತರ: ಬೇರೆ ವಾಕಿಂಗ್ ಬೇಡ. ಹೋಗಿ ಬರುವುದು ಸೇರಿ ದಿನಕ್ಕೆ 50 ನಿಮಿಷ, ಐದು ದಿನಕ್ಕೆ 250. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮ. ಒಂದು ಸಲಕ್ಕೆ ಕನಿಷ್ಠ 10 ನಿಮಿಷ ಇರಲೇಬೇಕೆಂಬ ಹಳೆಯ ಷರತ್ತನ್ನು ಅದು 2020ರಲ್ಲಿ ಕೈಬಿಟ್ಟಿದೆ. ಹಾಗಾಗಿ ಸ್ಟೇಷನ್ನಿನ ಮೇಲ್ಸೇತುವೆ ಹತ್ತಿದ್ದೂ ಲೆಕ್ಕಕ್ಕುಂಟು. ಆದರೆ ನಡಿಗೆ ಚುರುಕಾಗಿರಬೇಕು: ನಿಮಿಷಕ್ಕೆ ಸುಮಾರು 100 ಹೆಜ್ಜೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮೊಬೈಲ್ ನೋಡುತ್ತಾ ಹೋದರೆ ಆ ವೇಗ ಬರುವುದಿಲ್ಲ.

ಕಾರು ಬಾಗಿಲಿಂದ ಬಾಗಿಲಿಗೆ ಒಯ್ಯುತ್ತದೆ, ರೈಲು ಎರಡೂ ತುದಿಯಲ್ಲಿ ನಡೆಸುತ್ತದೆ. ಅಮೆರಿಕದ 2001ರ ಪ್ರಯಾಣ ಸಮೀಕ್ಷೆಯಲ್ಲಿ, ಬಸ್ಸು–ರೈಲಿಗೆ ನಡೆದು ಹೋಗುವವರಲ್ಲಿ ಅರ್ಧದಷ್ಟು ಮಂದಿ ಅದಕ್ಕೆಂದೇ ದಿನಕ್ಕೆ 19 ನಿಮಿಷ ಅಥವಾ ಹೆಚ್ಚು ನಡೆಯುತ್ತಿದ್ದರು. ಈ ಲಾಭ ಸೋರಿಹೋಗುವುದು ಹೆಚ್ಚಾಗಿ ಸಂಜೆ. ಸ್ಟೇಷನ್ನಿಗೆ ಸ್ಕೂಟರ್ ತರಲು ಮನೆಗೆ ಫೋನ್ ಮಾಡುವ ಅಭ್ಯಾಸವಾದರೆ ವಾರಕ್ಕೆ 75 ನಿಮಿಷ ಖೋತಾ. ಬೆಳಗ್ಗೆ ರೈಲಿಗೆ 25 ನಿಮಿಷ ಮೊದಲೇ ಮನೆ ಬಿಡಿ. ತಡವಾದವರೇ ಆಟೊ ಹತ್ತುವುದು.

ಹಿಮ್ಮಡಿಯದು ಬಹುತೇಕ ಪ್ಲಾಂಟರ್ ಫ್ಯಾಸಿಯೈಟಿಸ್. ಅಂಗಾಲಿನ ಗಟ್ಟಿ ಪಟ್ಟಿ ರಾತ್ರಿ ಬಿಗಿದುಕೊಂಡು, ಮೊದಲ ಹೆಜ್ಜೆಗೇ ಎಳೆಯುತ್ತದೆ. ಕಾರಿನಲ್ಲಿ ಕೂತಿದ್ದ ಕಾಲಿಗೆ ಒಮ್ಮೆಲೇ 50 ನಿಮಿಷ ಹೊರಿಸಿದ್ದು, ಜೊತೆಗೆ ತೆಳು ಅಟ್ಟೆಯ ಚಪ್ಪಲಿ ಇದ್ದರೆ ಅದೂ ಕಾರಣ. ಎರಡು ವಾರ ಒಂದು ಹೊತ್ತಿನ ನಡಿಗೆ ಬಿಡಿ. ಗೋಡೆಗೆ ಕೈಯೂರಿ, ನೋಯುವ ಕಾಲನ್ನು ಹಿಂದಿಟ್ಟು, ಮಂಡಿ ನೇರವಾಗಿಸಿ, ಹಿಮ್ಮಡಿ ಎತ್ತದೆ ಮುಂದಕ್ಕೆ ಬಾಗಿ: 30 ಸೆಕೆಂಡು, ಮೂರು ಸಲ, ದಿನಕ್ಕೆರಡು ಹೊತ್ತು. ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಅಂಗಾಲಿನಡಿ 10 ನಿಮಿಷ ಉರುಳಿಸಿ. ನಡೆಯಲು ಹಿಮ್ಮಡಿಗೆ ಮೆತ್ತೆಯಿರುವ, ನಡುವೆ ಮಡಚಿಕೊಳ್ಳದ ಶೂ ಹಾಕಿ. ಆಫೀಸಿನ ಚಪ್ಪಲಿ ಬ್ಯಾಗಿನಲ್ಲಿರಲಿ. ಮನೆಯೊಳಗೆ ಟೈಲ್ಸ್ ಮೇಲೆ ಬರಿಗಾಲಲ್ಲಿ ಓಡಾಡುವುದೂ ನೋವು ಹೆಚ್ಚಿಸುತ್ತದೆ, ಇದನ್ನು ಯಾರೂ ಗಮನಿಸುವುದಿಲ್ಲ.

ಊತ, ಜೋಮು ಅಥವಾ ಮಲಗಿದ್ದಾಗಲೂ ನೋವಿದ್ದರೆ ಕಾಯಬೇಡಿ, ಮೂಳೆ ವೈದ್ಯರಿಗೆ ತೋರಿಸಿ.