ಯಾರೂ ಬರದ ಬುಧವಾರ: ಒಂದು ಆಪ್ತಸಲಹೆ ಪ್ರಕರಣ

ನನ್ನ ಬಳಿ ಆಪ್ತಸಲಹೆಗೆ ಬಂದ ಒಬ್ಬ ವಿದ್ಯಾರ್ಥಿನಿಯ ಪ್ರಕರಣ ಇದು. ಬರೆಯಲು ಆಕೆಯೇ ಒಪ್ಪಿಗೆ ಕೊಟ್ಟಿದ್ದಾಳೆ. ಹೆಸರು, ಊರು, ಗುರುತು ಸಿಗುವಂಥ ಇನ್ನೂ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸುಮ ಅಂತ ಕರೆಯೋಣ.

ಸುಮಳಿಗೆ 22 ವರ್ಷ. ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಹಳ್ಳಿಯವಳು. ಮನೆಯಲ್ಲಿ ಒಂದೂವರೆ ಎಕರೆ ಕಬ್ಬು, ಎರಡು ಹಸು. ಮೈಸೂರಿನ ಹಾಸ್ಟೆಲ್ಲಿನಲ್ಲಿದ್ದುಕೊಂಡು ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುತ್ತಿದ್ದಾಳೆ. ನನ್ನ ಹತ್ತಿರ ಬಂದಾಗ ಎರಡನೇ ಸೆಮಿಸ್ಟರ್ ಅರ್ಧ ಮುಗಿದಿತ್ತು. ತಲೆನೋವು, ರಾತ್ರಿ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂತ ಡಾಕ್ಟರ ಹತ್ತಿರ ಹೋಗಿದ್ದಳು. ಅವರು ರಕ್ತ ಪರೀಕ್ಷೆ ಮಾಡಿಸಿದರು. ಅದರಲ್ಲಿ ತೊಂದರೆ ಏನೂ ಕಾಣಲಿಲ್ಲ. ಒಂದು ಸಲ ಮಾತಾಡಿಕೊಂಡು ಬಾ ಅಂತ ನನ್ನ ಬಳಿ ಕಳಿಸಿದರು.

ಕೂತ ತಕ್ಷಣ ಅವಳು ಹೇಳಿದ್ದು: "ಮೇಡಂ, ನಾನು ಓದು ಬಿಡ್ತೀನಿ. ಮನೇಲಿ ಹೇಗೆ ಹೇಳೋದು ಅಂತ ಮಾತ್ರ ಹೇಳಿಕೊಡಿ."

ಯಾಕೆ ಬಿಡಬೇಕು ಅಂತ ನಾನು ಆಗ ಕೇಳಲಿಲ್ಲ. ಯಾಕೆ ಸೇರಿದೆ ಅಂತ ಕೇಳಿದೆ. ಮುಖ ಸ್ವಲ್ಪ ಸಡಿಲವಾಯಿತು. ಡಿಗ್ರಿಯಲ್ಲಿದ್ದಾಗ ರಾಷ್ಟ್ರೀಯ ಸೇವಾ ಯೋಜನೆ, ಅಂದರೆ ಎನ್‌ಎಸ್‌ಎಸ್‌ನಲ್ಲಿದ್ದಳಂತೆ. ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಶಿಬಿರದಲ್ಲಿ ಇವಳೇ ಮುಂದಾಳು. ಚರಂಡಿ ಕ್ಲೀನ್ ಮಾಡಿದ್ದು, ರಾತ್ರಿ ಬೀದಿ ನಾಟಕ ಆಡಿಸಿದ್ದು, ಊರಿನ ಹುಡುಗರನ್ನು ಸೇರಿಸಿ ಕಬಡ್ಡಿ ಕೋರ್ಟ್ ಮಾಡಿದ್ದು. "ಆ ಏಳು ದಿನ ನನಗೆ ನಾನೇ ಇಷ್ಟ ಆಗಿದ್ದೆ ಮೇಡಂ" ಅಂದಳು. ಯುವಜನರ ಜೊತೆ ಕೆಲಸ ಮಾಡುವುದೇ ನನ್ನ ದಾರಿ ಅಂತ ಅಲ್ಲೇ ತೀರ್ಮಾನ ಮಾಡಿದ್ದಳು.

ಅಪ್ಪನಿಗೆ ಒಪ್ಪಿಗೆ ಇರಲಿಲ್ಲ. "ಊರ್ಗೆ ಉಪ್ಕಾರ ಮಾಡಕ್ಕೂ ಸರ್ಟಿಫಿಕೇಟ್ ಬೇಕೇನವ್ವ? ಬಿ.ಎಡ್. ಮಾಡು, ಮೇಷ್ಟ್ರ ಕೆಲ್ಸನಾದ್ರೂ ಸಿಗ್ತದೆ" ಅಂದಿದ್ದರು. ಕೊನೆಗೆ ಕಬ್ಬಿನ ದುಡ್ಡು ಬಂದ ತಿಂಗಳು ಫೀಸು ಕಟ್ಟಿದ್ದೂ ಅವರೇ. ಈ ಫೀಸಿನ ವಿಷಯ ಹೇಳುವಾಗ ಅವಳ ಗಂಟಲು ಕಟ್ಟಿತು.

ಸಮಾಜಕಾರ್ಯದ ಓದು ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಇದರಲ್ಲಿ ಕ್ಲಾಸಿನಷ್ಟೇ ತೂಕ ಕ್ಷೇತ್ರಕಾರ್ಯಕ್ಕೆ. ವಾರಕ್ಕೆ ಎರಡು ದಿನ ವಿದ್ಯಾರ್ಥಿಗಳು ಯಾವುದಾದರೂ ಸಂಸ್ಥೆಗೋ ಬಡಾವಣೆಗೋ ಹೋಗಬೇಕು. ಮನೆ ಮನೆ ಭೇಟಿ, ಗುಂಪು ಕಟ್ಟುವುದು, ಸಭೆ ಮಾಡುವುದು. ಬಂದು ದಿನಚರಿ ಬರೆಯಬೇಕು. ಸಂಸ್ಥೆಯ ಕಡೆಯಿಂದ ಒಬ್ಬರು, ಕಾಲೇಜಿನ ಕಡೆಯಿಂದ ಒಬ್ಬರು ಮಾರ್ಗದರ್ಶಕರು ಅದನ್ನು ನೋಡುತ್ತಾರೆ, ಎದುರು ಕೂರಿಸಿಕೊಂಡು ಚರ್ಚೆ ಮಾಡುತ್ತಾರೆ. ನಾನೂ ಇದೇ ಓದು ಓದಿದವಳು. ಆ ದಿನಚರಿಯ ಭಯ ನನಗೂ ಗೊತ್ತು.

ಸುಮಳಿಗೆ ಸಿಕ್ಕಿದ್ದು ಮೈಸೂರಿನ ಅಂಚಿನ ಒಂದು ಬಡಾವಣೆ. ಶಾಲೆ ಬಿಟ್ಟ 15ರಿಂದ 19 ವರ್ಷದ ಹುಡುಗರ ಗುಂಪು ಕಟ್ಟುವುದು ಅವಳ ಕೆಲಸ. ಬುಧವಾರ, ಶನಿವಾರ ಮಧ್ಯಾಹ್ನ ಮೂರು ಗಂಟೆಗೆ ಅಂಗನವಾಡಿಯಲ್ಲಿ ಸಭೆ.

"ಹೇಗೆ ನಡೀತಿದೆ?" ಅಂದೆ. "ಚೆನ್ನಾಗೇ ನಡೀತಿದೆ" ಅಂದಳು, ನೆಲ ನೋಡಿಕೊಂಡು. ಮುಂದಿನ ಸಲ ಬರುವಾಗ ದಿನಚರಿ ತರೋಕೆ ಹೇಳಿದೆ. ಕಳಿಸುವ ಮುಂಚೆ, ಜೀವ ಬೇಡ ಅನ್ನಿಸಿದ್ದುಂಟಾ ಅಂತ ನೇರವಾಗಿಯೇ ಕೇಳಿದೆ. ನಿದ್ದೆಗೆಟ್ಟು ಬಂದ ಯಾರನ್ನೂ ನಾನು ಈ ಪ್ರಶ್ನೆ ಕೇಳದೆ ಕಳಿಸುವುದಿಲ್ಲ. ಇಲ್ಲ ಅಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದುಕೊಟ್ಟೆ. ರಾತ್ರಿ ಎಷ್ಟು ಹೊತ್ತಿಗಾದರೂ ಕನ್ನಡದಲ್ಲಿ ಮಾತಾಡಬಹುದು.

ಎರಡನೇ ಭೇಟಿಗೆ ಪುಸ್ತಕ ತಂದಳು. ಕಂದು ರಟ್ಟಿನ ಉದ್ದನೆಯ ನೋಟ್‌ಬುಕ್. ಮೊದಲ ಹತ್ತು ಹದಿನೈದು ಪುಟ ಗಜಿಬಿಜಿ. ಹೊಡೆದು ಹಾಕಿದ ಸಾಲು, ಅಂಚಿನಲ್ಲಿ ಯಾರದೋ ಮನೆ ನಂಬರ್, ಒಂದು ಕಡೆ ಟೀ ಕಲೆ. "ಮಂಜನ ಅಜ್ಜಿ ಬೈದರು, ಯಾಕೆ ಅಂತ ಗೊತ್ತಾಗಲಿಲ್ಲ" ಅಂತ ಒಂದು ಸಾಲು. ಓದೋಕೆ ಖುಷಿ ಆಗುವಂಥ ಪುಟಗಳು. ಆಮೇಲೆ ಇದ್ದಕ್ಕಿದ್ದಂತೆ ಅಕ್ಷರ ದುಂಡಗಾಯಿತು. ಒಂದೇ ಒಂದು ಕಾಟು ಇಲ್ಲ. "ಸಭೆಯಲ್ಲಿ 12 ಮಂದಿ ಯುವಕರು ಪಾಲ್ಗೊಂಡರು. ನಾಯಕತ್ವದ ಗುಣಗಳ ಕುರಿತು ಚರ್ಚಿಸಲಾಯಿತು." ಕೆಳಗೆ ಕೆಂಪು ಇಂಕಿನಲ್ಲಿ "ಉತ್ತಮ".

"ಈ ಪುಟ ಯಾಕಮ್ಮ ಇಷ್ಟು ಚೊಕ್ಕ?" ಅಂದೆ.

ಅವಳು ತುಂಬಾ ಹೊತ್ತು ಅತ್ತಳು. ಆ ದಿನ ಯಾರೂ ಬಂದಿರಲಿಲ್ಲ. ಅಂಗನವಾಡಿ ಬಾಗಿಲಲ್ಲಿ ಒಂದೂವರೆ ಗಂಟೆ ಕೂತು, ಬಸ್ ಹತ್ತಿ ಬಂದು, ಹಾಸ್ಟೆಲ್ಲಿನಲ್ಲಿ 12 ಜನರನ್ನು ಬರೆದಿದ್ದಳು. ಹಾಗೆ ಒಟ್ಟು ಐದು ದಿನ. ಮೊದಲನೇ ಸಲ ಬರೆದಾಗ ಕೈ ನಡುಗಿತು, "ಉತ್ತಮ" ಅಂತ ಬಂದ ಮೇಲೆ ಇನ್ನೂ ಜಾಸ್ತಿ ನಡುಗಿತು ಅಂದಳು. ಅಪ್ಪ ಕಬ್ಬಿನ ದುಡ್ಡು ಕಟ್ಟಿದ್ದು ಇದಕ್ಕಾ ಅನ್ನೋದು ಅವಳ ಎದೆಯಲ್ಲಿ ಕೂತುಬಿಟ್ಟಿತ್ತು.

ಅತ್ತು ಸಮಾಧಾನ ಆದ ಮೇಲೆ ಇನ್ನೊಂದು ವಿಷಯ ಬಾಯಿಬಿಟ್ಟಳು. ಆ ಬಡಾವಣೆಯ 16 ವರ್ಷದ ಒಬ್ಬ ಹುಡುಗ, ಬೈಕ್ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ತನ್ನ ಸ್ವಂತ ನಂಬರ್ ಕೊಟ್ಟಿದ್ದಳು. ಅವನ ಅಪ್ಪ ಕುಡಿದು ಬಂದು ಹೊಡೆದ ದಿನವೆಲ್ಲ ರಾತ್ರಿ ಹನ್ನೊಂದು ಗಂಟೆಗೆ ಫೋನ್. "ಅಕ್ಕ, ಯಾರಿಗೂ ಹೇಳ್ಬೇಡಿ" ಅಂತ ಮಾತು ತಗೊಂಡಿದ್ದ. ಇವಳು ಮಾತು ಕೊಟ್ಟಿದ್ದಳು. ಎರಡು ತಿಂಗಳಿಂದ ಫೋನನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು. ನಿದ್ದೆ ಎಲ್ಲಿಂದ ಬರಬೇಕು?

ಪುಸ್ತಕವನ್ನು ಮತ್ತೆ ತಿರುವಿ ಹಾಕಿದೆ. ಈ ಹುಡುಗನ ಬಗ್ಗೆ ಒಂದು ಸಾಲೂ ಇರಲಿಲ್ಲ. ನಡೆಯದ ಸಭೆ ಪುಸ್ತಕದಲ್ಲಿತ್ತು. ನಿಜವಾಗಿ ನಡೆದದ್ದು ದಿಂಬಿನ ಕೆಳಗಿತ್ತು. ಅವಳಿಗೆ ಇದನ್ನು ತೋರಿಸಿದಾಗ ಸುಮ್ಮನೆ ನೋಡಿದಳು, ಏನೂ ಹೇಳಲಿಲ್ಲ.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಹುಡುಗನ ವಿಷಯ, ಯಾಕಂದ್ರೆ ಅದು ಕಾಯುವಂಥದ್ದಲ್ಲ. ಏಟು ತಿನ್ನುತ್ತಿರುವ 16 ವರ್ಷದ ಮಗುವಿನ ಭಾರ 22ರ ವಿದ್ಯಾರ್ಥಿನಿ ಒಬ್ಬಳೇ ಹೊರುವಂಥದ್ದಲ್ಲ. ನಾಳೆಯೇ ಸಂಸ್ಥೆಯ ಮಾರ್ಗದರ್ಶಕರಿಗೆ ಹೇಳು ಅಂದೆ. ಮಕ್ಕಳ ಸಹಾಯವಾಣಿ 1098 ಇದೆ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ. ಅವರಿಗೆ ಇದೇ ಕೆಲಸ. ಮುಂದೆ ಯಾವ ಮಗುವಿಗೂ "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಬೇಡ. "ನಿನಗೆ ಅಪಾಯ ಇದೆ ಅನ್ನಿಸಿದರೆ ಹೇಳಬೇಕಾದವರಿಗೆ ಹೇಳ್ತೀನಿ, ಆದರೆ ನಿನಗೆ ತಿಳಿಸಿಯೇ ಹೇಳ್ತೀನಿ" ಅಂತ ಮೊದಲೇ ಹೇಳು. 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರಂತೂ 2012ರ ಪೋಕ್ಸೋ ಕಾಯ್ದೆ ಪ್ರಕಾರ ತಿಳಿಸಲೇಬೇಕು, ಮಾತು ಕೊಟ್ಟಿದ್ದೆ ಅನ್ನೋದು ಅಲ್ಲಿ ನಡೆಯೋದಿಲ್ಲ. ಇದನ್ನು ಅವಳು ಕ್ಲಾಸಿನಲ್ಲಿ ಓದಿ ಪರೀಕ್ಷೆಯಲ್ಲೂ ಬರೆದಿದ್ದಳು! ಆದರೆ ರಾತ್ರಿ ಹನ್ನೊಂದು ಗಂಟೆಗೆ ಅಳುವ ದನಿ ಕಿವಿಗೆ ಬಿದ್ದಾಗ ನೋಟ್ಸ್ ನೆನಪಾಗುವುದಿಲ್ಲ. ಅದಕ್ಕೇ ಮಾರ್ಗದರ್ಶಕರು ಅಂತ ಇರುವುದು. ರಾತ್ರಿ ಒಂಬತ್ತರ ನಂತರ ಕ್ಷೇತ್ರದ ಕರೆ ತೆಗೆಯಬೇಡ, ಆ ಹೊತ್ತಿಗೆ ಯಾರಿಗೆ ಫೋನ್ ಮಾಡಬೇಕು ಅಂತ ಹುಡುಗನಿಗೆ ಮುಂಚೆಯೇ ಹೇಳಿಡು ಅಂದೆ.

ಇನ್ನು ದಿನಚರಿ. ಹೋಗಿ ಒಪ್ಪಿಕೋ ಅಂದೆ. "ಫೇಲ್ ಮಾಡಿದರೆ?" ಅಂದಳು. ಮಾಡಬಹುದು, ಮಾಡೋಲ್ಲ ಅಂತ ನಾನು ಭರವಸೆ ಕೊಡೋಕಾಗಲ್ಲ ಅಂದೆ. ಆದರೆ ಈ ಐದು ಪುಟ ಇಟ್ಟುಕೊಂಡು ಪಾಸಾದರೆ ಆ ಡಿಗ್ರಿಯನ್ನು ನೀನೇ ನಂಬೋದಿಲ್ಲ. ಈಗ ಓದು ಬಿಡ್ತೀನಿ ಅಂತ ಬಂದಿರುವುದೂ ಅದಕ್ಕೇ ಅಲ್ವಾ?

ಆಗ ಅವಳು ಫೋನಿನಲ್ಲಿ ನೋಡಿದ್ದೊಂದು ಹೇಳಿದಳು. ಉತ್ತರ ಐರ್ಲೆಂಡಿನ ಅಲ್ಸ್ಟರ್ ವಿಶ್ವವಿದ್ಯಾಲಯದಲ್ಲಿ ಕಮ್ಯುನಿಟಿ ಯೂತ್ ವರ್ಕ್ ಅಂತಲೇ, ಅಂದರೆ ಯುವಜನರ ಜೊತೆ ಮಾಡುವ ಕೆಲಸಕ್ಕೇ, ಡಿಗ್ರಿ ಇದೆಯಂತೆ. ಅಂಥ ಕಡೆ ಹುಡುಗರು ಬರ್ತಾರೇನೋ, ನನ್ನ ಹಾಗೆ ಬಾಗಿಲಲ್ಲಿ ಕೂರಬೇಕಾಗಿಲ್ಲವೇನೋ ಅಂದಳು. ಇಲ್ಲ ಕಣಮ್ಮ ಅಂದೆ. ಅಂಥ ಓದಿನಲ್ಲಿ ಹೇಳಿಕೊಡುವ ಮೊದಲ ಪಾಠವೇ, ಹುಡುಗರು ತಾವಾಗಿ ಬರಬೇಕು ಅನ್ನೋದು. ಶಾಲೆಯಲ್ಲಿ ಹಾಜರಿ ಇದೆ, ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ. ಯುವಜನರ ಜೊತೆಗಿನ ಕೆಲಸದಲ್ಲಿ ಬರದೇ ಇರುವ ಹಕ್ಕು ಹುಡುಗರಿಗೇ ಇದೆ. ಹಾಗಾಗಿ ಆ ಖಾಲಿ ಅಂಗನವಾಡಿ ನಿನ್ನ ಸೋಲಲ್ಲ, ಅವರು ನಿನಗೆ ಕೊಟ್ಟ ಉತ್ತರ. ಅದನ್ನು ಬರೆದುಕೊಂಡಿದ್ದರೆ ಯಾಕೆ ಬರಲಿಲ್ಲ ಅಂತ ಕೇಳಬಹುದಿತ್ತು. 12 ಜನ ಬಂದರು ಅಂತ ಬರೆದ ಮೇಲೆ ಯಾರನ್ನು ಹೋಗಿ ಕೇಳ್ತೀಯಾ?

ಎನ್‌ಎಸ್‌ಎಸ್ ಶಿಬಿರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅಲ್ಲಿ ಮೈಕ್ ಇತ್ತು, ಊಟ ಇತ್ತು, ಏಳು ದಿನದ ಸಡಗರ ಇತ್ತು. ಎಂಟನೇ ದಿನ ಯಾರು ಬರುತ್ತಾರೆ ಅಂತ ಅಲ್ಲಿ ಯಾರೂ ನೋಡುವುದಿಲ್ಲ. ಅವಳು ಕಲಿಯಲು ಬಂದಿರುವುದು ಆ ಎಂಟನೇ ದಿನದ ಕೆಲಸ. ಅಪ್ಪ ಕೇಳಿದ ಪ್ರಶ್ನೆಗೂ, ಉಪಕಾರಕ್ಕೆ ಓದು ಯಾಕೆ ಅಂತ, ನನ್ನ ಹತ್ತಿರ ಇರುವ ಉತ್ತರ ಇಷ್ಟೇ.

ಮೂರನೇ ಭೇಟಿ ಮೂರು ವಾರದ ನಂತರ. ದಿನಚರಿಯ ವಿಷಯ ಹೋಗಿ ಒಪ್ಪಿಕೊಂಡಿದ್ದಳು. ಕಾಲೇಜಿನ ಮಾರ್ಗದರ್ಶಕರು ಬೈದರಂತೆ, ಚೆನ್ನಾಗಿಯೇ ಬೈದರಂತೆ. ಆ ಐದು ದಿನದ ಅಂಕ ಇಲ್ಲ, ಐದೂ ದಿನ ಮತ್ತೆ ಹೋಗಬೇಕು, ಆ ಪುಟಗಳ ಪಕ್ಕದಲ್ಲೇ ನಿಜ ಏನಾಯಿತು ಅಂತ ಬರೆಯಬೇಕು. ಇದು ನ್ಯಾಯವಾದ ಶಿಕ್ಷೆ ಅಂತ ನನಗೆ ಅನ್ನಿಸಿತು. ಅವಳಿಗೂ ಹಾಗೇ ಅನ್ನಿಸಿತ್ತು.

ಆಮೇಲೆ ಅವಳು ಬಡಾವಣೆಯ ಕೇರಂ ಬೋರ್ಡ್ ಹತ್ತಿರ ಹೋಗಿ ನಿಂತಿದ್ದಾಳೆ. ಎರಡು ದಿನ ಸುಮ್ನೆ ಆಟ ನೋಡಿದ್ದಾಳೆ. ಮೂರನೇ ದಿನ, ಅಂಗನವಾಡಿಗೆ ಯಾಕೆ ಬರಲಿಲ್ಲ ಅಂತ ಕೇಳಿದ್ದಾಳೆ. ಒಬ್ಬ ಹೇಳಿದ: ಮೂರು ಗಂಟೆಗೆ ಕೆಲಸ ಬಿಟ್ಟು ಬಂದರೆ ಅರ್ಧ ದಿನದ ಕೂಲಿ ಹೋಗುತ್ತೆ. ಇನ್ನೊಬ್ಬ ನಾಚಿಕೊಂಡು ಹೇಳಿದ: "ಅಕ್ಕ, ಅಲ್ಲಿ ಗೋಡೆ ಮೇಲೆ ಅಆಇಈ ಬರ್ದಿದೆ. ಚಿಕ್ಕ ಕುರ್ಚಿ. ನೋಡಿದೋರು ನಗ್ತಾರೆ." ಮೀಸೆ ಚಿಗುರಿದ, ಎಸ್‌ಎಸ್‌ಎಲ್‌ಸಿ ಫೇಲಾದ ಹುಡುಗನನ್ನು ಕರೆದು ಮೂರು ವರ್ಷದ ಮಕ್ಕಳ ಕುರ್ಚಿಯಲ್ಲಿ ಕೂರಿಸಿ ನಾಯಕತ್ವದ ಬಗ್ಗೆ ಮಾತಾಡಲು ಹೊರಟಿದ್ದೆವು! ಇದು ಯಾರಿಗೂ ಹೊಳೆದಿರಲಿಲ್ಲ.

ಸಂಜೆ ಆರಕ್ಕೆ ಇಡೋಣ ಅಂದರೆ ಹಾಸ್ಟೆಲ್ ಗೇಟು ಏಳೂವರೆಗೆ ಹಾಕುತ್ತಾರೆ. ಭಾನುವಾರ ಬೆಳಿಗ್ಗೆ, ಮಾರಿಗುಡಿ ಜಗಲಿಯ ಮೇಲೆ, ಸಂಸ್ಥೆಯ ಒಬ್ಬ ಅಕ್ಕನ ಜೊತೆಯಲ್ಲಿ ಅಂತ ತೀರ್ಮಾನ ಆಯಿತು. ಮೊದಲ ಭಾನುವಾರ ನಾಲ್ವರು ಬಂದರು. ಒಬ್ಬ ಕ್ರಿಕೆಟ್ ಅಂತ ಮಧ್ಯದಲ್ಲೇ ಎದ್ದು ಹೋದ. ಅದನ್ನೂ ಬರೆದಿದ್ದಾಳೆ, ಅದೇ ಹಳೆಯ ಗಜಿಬಿಜಿ ಅಕ್ಷರದಲ್ಲಿ.

ಮುಂದೆ ಏನು ಕೆಲಸ ಸಿಗುತ್ತದೆ ಅಂತಲೂ ಕೇಳಿದಳು. ಮಕ್ಕಳ ರಕ್ಷಣಾ ಘಟಕ, ಆಸ್ಪತ್ರೆಗಳು, ಸ್ವಯಂಸೇವಾ ಸಂಸ್ಥೆಗಳು ಎಲ್ಲ ಇವೆ. ಯುವಜನರ ಜೊತೆಗಿನ ಕೆಲಸವೇ ಬೇಕು ಅಂದರೆ ನಿಮ್ಹಾನ್ಸ್ ಜೊತೆ ರಾಜ್ಯ ಸರ್ಕಾರ ನಡೆಸುವ, ಯುವಜನರಿಗೆ ಸಲಹೆ ಕೊಡುವ ಯುವ ಸ್ಪಂದನ ಕೇಂದ್ರಕ್ಕೆ ಒಮ್ಮೆ ಹೋಗಿ ಅಲ್ಲಿನ ಕೆಲಸ ನೋಡಿ ಬಾ ಅಂದೆ. ಇದೇ ವಿಷಯದಲ್ಲಿ ಇನ್ನೂ ಓದಬೇಕಾದರೆ ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ 1993ರಿಂದ ರಾಜೀವ್ ಗಾಂಧಿ ರಾಷ್ಟ್ರೀಯ ಯುವಜನ ಅಭಿವೃದ್ಧಿ ಸಂಸ್ಥೆ ಇದೆ. ಹಾಗೇ, 2014ರ ರಾಷ್ಟ್ರೀಯ ಯುವ ನೀತಿಯಲ್ಲಿ ಯುವಜನ ಅಂದರೆ 15ರಿಂದ 29 ವರ್ಷ ಅಂತಿದೆ, ಆ ಲೆಕ್ಕದಲ್ಲಿ ನೀನೂ ಬರ್ತೀಯ, ನಿನ್ನ ಊಟ ನಿದ್ದೆಯೂ ಲೆಕ್ಕಕ್ಕಿದೆ ಅಂದೆ. ನಕ್ಕಳು.

ಗ್ಯಾರೇಜಿನ ಹುಡುಗನ ವಿಷಯ ಸಲೀಸಾಗಿ ಮುಗಿದಿಲ್ಲ. ಸಂಸ್ಥೆಯವರು ಮನೆಗೆ ಹೋಗಿ ಮಾತಾಡಿದ್ದಾರೆ, ಅವನು ಈಗ ಅಜ್ಜಿಯ ಮನೆಯಲ್ಲಿದ್ದಾನೆ. ಆದರೆ ಸುಮಳ ಮೇಲೆ ಅವನಿಗೆ ಸಿಟ್ಟು. "ನೀವೂ ಎಲ್ಲರ ಥರಾನೇ ಅಕ್ಕ" ಅಂತ ಒಂದು ಮೆಸೇಜ್ ಹಾಕಿ ಸುಮ್ಮನಾಗಿದ್ದಾನೆ. ಅದನ್ನು ಅವಳು ಅಳಿಸಿಲ್ಲ. ನಾನೂ ಅಳಿಸು ಅನ್ನಲಿಲ್ಲ. ಅಜ್ಜಿಯ ಮನೆ ಆ ಮಾರಿಗುಡಿಯಿಂದ ಎರಡು ಬೀದಿ ಆಚೆ. ಭಾನುವಾರ ಅವನು ಆ ಕಡೆಯಿಂದ ಸೈಕಲ್ಲಿನಲ್ಲಿ ಹಾದುಹೋಗುವುದನ್ನು ಎರಡು ಸಲ ನೋಡಿದ್ದಾಳೆ. ಕರೀಲಾ ಬೇಡ್ವಾ ಅಂತ ನನ್ನನ್ನು ಕೇಳಿದಳು. ಕೈ ಎತ್ತು, ಕರೀಬೇಡ ಅಂದಿದ್ದೇನೆ. ಪರೀಕ್ಷೆ ಮುಗಿಸಿಕೊಂಡು ಇನ್ನೊಮ್ಮೆ ಬರುತ್ತಾಳೆ.