ಸ್ಟೀಲ್ ಟೂರಿಂಗ್ ಸೈಕಲ್ಲೋ ಆಲ್-ರೋಡೋ? ಖಾಲಿ ಇದ್ದಾಗ ಹೇಗೆ ಓಡುತ್ತವೆ, ಹೇರು ಹಾಕಿದಾಗ ಹೇಗೆ?

ನೀವು ಕೇಳಿರುವುದು ಇಷ್ಟು: ದಿನವೂ ಖಾಲಿ ಓಡಿಸಲು, ವರ್ಷಕ್ಕೆ ಒಂದೆರಡು ಸಲ ಟೆಂಟು, ಸ್ಟೌ ಸಮೇತ 20 ಕೆಜಿ ಹೇರಿಕೊಂಡು ಮಲೆನಾಡಿನಿಂದ ಕರಾವಳಿಗೆ ಇಳಿಯಲು ಒಂದೇ ಸೈಕಲ್ ಬೇಕು, ಸ್ಟೀಲ್ ಟೂರಿಂಗ್ (ಹೇರು ಹೊತ್ತು ದೂರ ಹೋಗಲೆಂದೇ ಕಟ್ಟಿದ ಗಟ್ಟಿ ಸೈಕಲ್) ತಗೊಳ್ಳಬೇಕೋ, ಆಲ್-ರೋಡೋ (ಡಾಂಬರಿಗೂ ಮಣ್ಣುದಾರಿಗೂ ಆಗುವ, ಅಗಲ ಟೈರಿನ ಹಗುರ ಸೈಕಲ್)? ಜೊತೆಗೆ, ‘ಸ್ಟೀಲ್ ಮೆತ್ತಗೆ ಓಡುತ್ತೆ’ ಅನ್ನುವುದು ನಿಜವೋ, ಅಂಗಡಿಯವರ ಮಾತೋ?

ಉತ್ತರ ನಿಮ್ಮ ಸಾಮಾನಿನ ತೂಕದ ಮೇಲೆ ನಿಂತಿದೆ. 20 ಕೆಜಿ ಅನ್ನುವುದು ಅಂದಾಜಾದರೆ ಮೊದಲು ಎಲ್ಲವನ್ನೂ ಚೀಲಕ್ಕೆ ತುಂಬಿ ತೂಗಿ. ನಮ್ಮ ಕಡೆ ದಾರಿಯುದ್ದಕ್ಕೂ ಊರು, ಹೋಟೆಲು ಸಿಗುತ್ತವೆ; ಸ್ಟೌ, ಪಾತ್ರೆ, ದಿನಸಿ ಬಿಟ್ಟರೆ ಬಹಳ ಮಂದಿಯ ಸಾಮಾನು 10–12 ಕೆಜಿಗೆ ಇಳಿಯುತ್ತದೆ. 12ರ ಒಳಗಿದ್ದರೆ ಆಲ್-ರೋಡ್. 18 ದಾಟಿದರೆ, ಅದೂ ವಾರಗಟ್ಟಲೆ ಓಡುವುದಾದರೆ, ಟೂರಿಂಗ್. ನಡುವೆ ಇದ್ದರೆ ಕ್ಯಾರಿಯರ್ ಕೂರಿಸಲು ತೂತುಗಳಿರುವ ಆಲ್-ರೋಡ್ ತಗೊಂಡು ಹೇರನ್ನು ಹಿಂದೆ ಮುಂದೆ ಹಂಚಿ. 25 ಕೆಜಿಗೆಂದು ಕಟ್ಟಿದ ಸೈಕಲ್ ಕೊಂಡು ವರ್ಷಪೂರ್ತಿ ಒಂದು ನೀರಿನ ಬಾಟಲಿ ಹೊತ್ತು ತಿರುಗುವುದು ನನ್ನ ಲೆಕ್ಕದಲ್ಲಿ ದಂಡ.

ಸ್ಟೀಲಿನ ಮೆತ್ತನೆಯ ಮಾತು ಅರ್ಧ ಸತ್ಯ. ಎಲ್ಲ ಬಗೆಯ ಉಕ್ಕಿನ ಬಿಗಿತವೂ ಹೆಚ್ಚುಕಡಿಮೆ ಒಂದೇ, ಸುಮಾರು 200 ಗಿಗಾಪಾಸ್ಕಲ್. ಅಗ್ಗದ ಹೈ-ಟೆನ್ ಆಗಲಿ, 4130 ಕ್ರೋಮೋಲಿ ಆಗಲಿ, ರೆನಾಲ್ಡ್ಸ್ 853 ಆಗಲಿ, ಒಂದೇ ಅಳತೆಯ ಕೊಳವೆ ಮಾಡಿದರೆ ಒಂದೇ ಸಮ ಬಾಗುತ್ತವೆ, ಒಂದೇ ಸಮ ತೂಗುತ್ತವೆ. ದುಬಾರಿ ಉಕ್ಕು ಹೆಚ್ಚು ಗಟ್ಟಿ, ಹಾಗಾಗಿ ಅದರ ಕೊಳವೆಯನ್ನು ತೆಳ್ಳಗೆ ಎಳೆಯಬಹುದು. ಬಳುಕು ಬರುವುದು ಆ ತೆಳುವಿನಿಂದ. ಇನ್ನು ಮೇಲಿಂದ ಕೆಳಕ್ಕೆ ಬರುವ ಪೆಟ್ಟಿಗೆ ತ್ರಿಕೋನದ ಫ್ರೇಮು ಬಗ್ಗುವುದು ಮಿಲಿಮೀಟರಿನ ಲೆಕ್ಕದಲ್ಲೂ ಕಷ್ಟ. ಅದೇ ಪೆಟ್ಟಿಗೆ 40 ಮಿಮೀ ಟೈರು ಹಲವು ಮಿಲಿಮೀಟರ್ ಕುಸಿಯುತ್ತದೆ. ರಸ್ತೆಯ ಗುದ್ದು ಕಡಿಮೆ ಮಾಡುವುದು ಮೊದಲು ಟೈರು, ಆಮೇಲೆ ಸೀಟಿನ ಕಂಬ ಮತ್ತು ಫೋರ್ಕು. ಫ್ರೇಮಿನ ಬಳುಕು ಗೊತ್ತಾಗುವುದು ತಿರುಚುವಾಗ: ಎದ್ದುನಿಂತು ತುಳಿದಾಗ, ಹಿಂದೆ ಭಾರ ಹಾಕಿದಾಗ.

ಆದ್ದರಿಂದ ಕೊಳ್ಳುವಾಗ ಉಕ್ಕಿನ ಹೆಸರಿಗಿಂತ ಕೊಳವೆಯ ಅಳತೆ ಕೇಳಿ. ಹಳೆಯ ಅಳತೆಯಲ್ಲಿ ಮೇಲಿನ ಕೊಳವೆ 25.4 ಮಿಮೀ, ಕೆಳಗಿನದು 28.6. ಓವರ್‌ಸೈಜ್ ಅಂದರೆ 28.6 ಮತ್ತು 31.8. ತಿರುಚುವಿಕೆಗೆ ಕೊಳವೆ ಕೊಡುವ ಪ್ರತಿರೋಧ ವ್ಯಾಸದ ಘನಕ್ಕೆ ತಕ್ಕಂತೆ ಏರುವುದರಿಂದ 25.4 ಅನ್ನು 28.6 ಮಾಡಿದರೆ, ಗೋಡೆಯ ದಪ್ಪ ಅಷ್ಟೇ ಇದ್ದರೂ, ಬಿಗಿತ ಶೇ. 40ರಷ್ಟು ಹೆಚ್ಚುತ್ತದೆ. ಗೋಡೆಯ ದಪ್ಪ ಟೂರಿಂಗ್ ಫ್ರೇಮಿನಲ್ಲಿ ಸಾಮಾನ್ಯವಾಗಿ ತುದಿಗಳಲ್ಲಿ 0.9, ನಡುವೆ 0.6 ಮಿಮೀ, ಹಗುರ ಆಲ್-ರೋಡಿನಲ್ಲಿ 0.8 ಮತ್ತು 0.5. ಫ್ರೇಮು ದೊಡ್ಡದಾದಷ್ಟೂ ಕೊಳವೆ ಉದ್ದ, ಬಳುಕೂ ಹೆಚ್ಚು. ನೀವು ಆರಡಿ ಎತ್ತರದವರಾದರೆ ತೆಳು ಕೊಳವೆಯ ಫ್ರೇಮಿಗೆ ಹಿಂದೆ 15 ಕೆಜಿ ಹಾಕುವ ಯೋಚನೆ ಬೇಡ.

ಖಾಲಿ ಓಟದಲ್ಲಿ ವ್ಯತ್ಯಾಸ ಬೇಗ ಗೊತ್ತಾಗುತ್ತದೆ. 13–14 ಕೆಜಿಯ ಟೂರಿಂಗ್ ಸೈಕಲ್ ನೇರ ಓಡುವುದರಲ್ಲಿ ಎತ್ತಿದ ಕೈ. ಒಂದು ಕೈ ಬಿಟ್ಟು ನೀರು ಕುಡಿದರೂ ಗೆರೆ ಬಿಡುವುದಿಲ್ಲ. ಆದರೆ ಸಿಗ್ನಲ್‌ನಲ್ಲಿ ನಿಂತು ಹೊರಡುವಾಗ ಜಡ, ಗುಂಡಿ ತಪ್ಪಿಸಲು ತಟ್ಟನೆ ವಾಲಿಸಿದರೆ ಅರೆಕ್ಷಣ ತಡ. ಈ ಜಡತನದ ದೊಡ್ಡ ಪಾಲು ಫ್ರೇಮಿನದಲ್ಲ. ಪಂಕ್ಚರ್ ಆಗದಿರಲೆಂದು ಒಳಗೆ ದಪ್ಪ ರಬ್ಬರ್ ಪಟ್ಟಿ ಇಟ್ಟ ಟೈರುಗಳಲ್ಲಿ ಕೆಲವು ಒಂದೊಂದೂ ಒಂದು ಕೆಜಿ ಹತ್ತಿರ ತೂಗುತ್ತವೆ, ಪಕ್ಕದ ಗೋಡೆ ಗಡಸು. ಅವನ್ನು ಬಿಚ್ಚಿ ಅದೇ ಅಗಲದ 450–500 ಗ್ರಾಮಿನ ಮೆತ್ತನೆಯ ಟೈರು ಹಾಕಿ, ಕ್ಯಾರಿಯರ್ ಎರಡನ್ನೂ ತೆಗೆದಿಟ್ಟರೆ ಎರಡು ಕೆಜಿ ಇಳಿದು ಬೇರೆ ಸೈಕಲ್ ಅನ್ನಿಸುತ್ತದೆ. ಆಲ್-ರೋಡ್ ಖಾಲಿ ಇದ್ದಾಗ ಚುರುಕು. 11 ಕೆಜಿ ಆಸುಪಾಸು, ಚೈನ್‌ಸ್ಟೇ (ಪೆಡಲಿನ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿಗೆ ಹೋಗುವ ಕೊಳವೆ) 430 ಮಿಮೀ, ಟೈರು 700×38 ಅಥವಾ 650ಬಿ×48 (ಮೊದಲನೆಯದು ಚಕ್ರದ ಅಳತೆ, ಎರಡನೆಯದು ಟೈರಿನ ಅಗಲ, ಮಿಮೀಯಲ್ಲಿ). ತೆಳು ಫ್ರೇಮಿನ ಬಳುಕು ತುಳಿತಕ್ಕೆ ತಾಳ ಕೊಡುತ್ತದೆ ಎಂದು ಆಣೆ ಹಾಕುವವರೂ ಇದ್ದಾರೆ, ಎಲ್ಲ ಭ್ರಮೆ ಅನ್ನುವವರೂ ಇದ್ದಾರೆ. ಅದನ್ನು ನಂಬಿ ದುಡ್ಡು ಹಾಕಬೇಡಿ, ಟೈರಿಗೆ ಹಾಕಿ.

ಈಗ ಹೇರು. ಸೈಕಲ್ ಮತ್ತು ನೀವು ಸೇರಿ 85 ಕೆಜಿ ಅಂದುಕೊಳ್ಳಿ. ಖಾಲಿ ಇದ್ದಾಗ ಸುಮಾರು 34 ಕೆಜಿ ಮುಂದಿನ ಚಕ್ರದ ಮೇಲೆ, 51 ಹಿಂದಿನದರ ಮೇಲೆ. 20 ಕೆಜಿಯನ್ನೂ ಹಿಂದಿನ ಕ್ಯಾರಿಯರಿಗೇ ಹಾಕಿದರೆ ಹಿಂದೆ 71, ಮುಂದೆ ಅದೇ 34. ಒಟ್ಟು ತೂಕದಲ್ಲಿ ಮುಂದಿನ ಪಾಲು ಶೇ. 40ರಿಂದ 32ಕ್ಕೆ ಬಿತ್ತು. ಏರಿನಲ್ಲಿ ಮುಂದಿನ ಚಕ್ರ ಅಲೆದಾಡುವುದು, ಎದ್ದುನಿಂತು ತುಳಿದರೆ ಬಾಲ ಅಲ್ಲಾಡಿದಂತಾಗುವುದು ಇದರಿಂದಲೇ. ಅದೇ ಹೇರನ್ನು ಹತ್ತು ಹತ್ತು ಕೆಜಿ ಹಂಚಿದರೆ ಮುಂದೆ 44, ಹಿಂದೆ 61, ಅಂದರೆ ಖಾಲಿ ಇದ್ದಾಗಿನ ಅನುಪಾತಕ್ಕೆ ಹತ್ತಿರ.

ಚೀಲ ಹಿಂದಿನ ಅಚ್ಚಿನ ನೇರಕ್ಕೆ ಕೂತಿದೆಯೋ, ಅದಕ್ಕಿಂತ ಹಿಂದಕ್ಕೋ ಅನ್ನುವುದೂ ಮುಖ್ಯ. ಚಿಕ್ಕ ಚೈನ್‌ಸ್ಟೇಯಲ್ಲಿ ಹಿಮ್ಮಡಿ ಚೀಲಕ್ಕೆ ತಾಗುತ್ತದೆ, ಜನ ಚೀಲವನ್ನು ಹಿಂದಕ್ಕೆ ಸರಿಸುತ್ತಾರೆ. 15 ಕೆಜಿ ಅಚ್ಚಿನಿಂದ 100 ಮಿಮೀ ಹಿಂದೆ ಹೋದರೆ, 1,050 ಮಿಮೀ ಚಕ್ರಾಂತರದಲ್ಲಿ ಮುಂದಿನ ಚಕ್ರದಿಂದ ಸುಮಾರು 1.4 ಕೆಜಿ ಎತ್ತಿದಂತೆ. ಕೇಳಲು ಸಣ್ಣದು, ಆದರೆ ಅಷ್ಟು ಹಿಂದೆ ತೂಗುವ ಭಾರ ಫ್ರೇಮನ್ನು ತಿರುಚುವುದೇ ಹೆಚ್ಚು. ಸರ್ಲಿ ಕಂಪನಿಯ ಲಾಂಗ್ ಹಾಲ್ ಟ್ರಕರ್‌ನಂಥ ಸೈಕಲ್ಲಿಗೆ 460 ಮಿಮೀ ಚೈನ್‌ಸ್ಟೇ ಇಟ್ಟದ್ದು ಇದಕ್ಕೇ. ಪಾದ ದೊಡ್ಡದಿದ್ದು ಆಲ್-ರೋಡ್ ತಗೊಳ್ಳುವುದಾದರೆ ಹಿಂದಕ್ಕೆ ಚಿಕ್ಕ ಚೀಲ ಹುಡುಕಿ.

ಮುಂದೆ ಹಾಕುವ ಹೇರಿಗೆ ಹ್ಯಾಂಡಲಿನ ಸ್ವಭಾವ ನೋಡಬೇಕು. ಹ್ಯಾಂಡಲ್ ತಿರುಗುವ ಗೆರೆ ನೆಲಕ್ಕೆ ತಾಗುವ ಜಾಗಕ್ಕೂ ಟೈರು ನೆಲಕ್ಕೆ ತಾಗುವ ಜಾಗಕ್ಕೂ ಇರುವ ದೂರಕ್ಕೆ ಟ್ರೇಲ್ ಅನ್ನುತ್ತಾರೆ. 700×38 ಟೈರು, ಆ ತಿರುಗುವ ಗೆರೆಯ ಕೋನ 72 ಡಿಗ್ರಿ, ಫೋರ್ಕಿನ ಬಾಗು 45 ಮಿಮೀ ಇದ್ದರೆ ಟ್ರೇಲ್ ಸುಮಾರು 65. ಬಾಗನ್ನು 65 ಮಾಡಿದರೆ 44. ಟ್ರೇಲ್ ಹೆಚ್ಚಿರುವ ಸೈಕಲ್ಲಿನ ಹ್ಯಾಂಡಲ್ ಮೇಲೆ 4–5 ಕೆಜಿ ಚೀಲ ಕಟ್ಟಿದರೆ ಏರಿನಲ್ಲಿ, ಗಂಟೆಗೆ ಆರೇಳು ಕಿಮೀ ವೇಗದಲ್ಲಿ, ಚಕ್ರ ತಾನೇ ಪಕ್ಕಕ್ಕೆ ಬೀಳಲು ನೋಡುತ್ತದೆ. ಪ್ರತಿ ತುಳಿತಕ್ಕೂ ತಿದ್ದುತ್ತಾ ಭುಜ ಸೋಲುತ್ತದೆ. ಟ್ರೇಲ್ ಕಡಿಮೆ ಇರುವ ಫೋರ್ಕಿಗೆ ಮುಂದಿನ ಚೀಲ ಒಗ್ಗುತ್ತದೆ, ಹೇರೆಲ್ಲ ಹಿಂದಿದ್ದರೆ ಒಗ್ಗುವುದಿಲ್ಲ. ಈಗ ಸಿಗುವ ಬಹುತೇಕ ಸೈಕಲ್ಲುಗಳು 60ರ ಮೇಲಿನವು. ಹಾಗಾಗಿ ಮುಂದಿನ ಭಾರವನ್ನು ಹ್ಯಾಂಡಲಿಗೆ ಬೇಡ, ಫೋರ್ಕಿನ ಎರಡೂ ಪಕ್ಕ ಅಚ್ಚಿನ ಮಟ್ಟಕ್ಕೆ ಕೂರುವ ಲೋ-ರೈಡರ್ ಕ್ಯಾರಿಯರಿಗೆ ಹಾಕಿ. ಹ್ಯಾಂಡಲ್ ಭಾರವಾಗುತ್ತದೆ, ಆದರೆ ಅಲುಗಾಡುವುದಿಲ್ಲ. ಎಡ ಬಲದ ವ್ಯತ್ಯಾಸ ಅರ್ಧ ಕೆಜಿ ಒಳಗಿರಲಿ.

ನಿಜಕ್ಕೂ ಹೆದರಬೇಕಾದದ್ದು ಇಳಿಜಾರಿನ ನಡುಕಕ್ಕೆ. 35–50 ಕಿಮೀ ವೇಗದಲ್ಲಿ ಹ್ಯಾಂಡಲ್ ಇದ್ದಕ್ಕಿದ್ದಂತೆ ಸೆಕೆಂಡಿಗೆ ಐದರಿಂದ ಹತ್ತು ಸಲ ಎಡಬಲ ಹೊಡೆದುಕೊಳ್ಳತೊಡಗುತ್ತದೆ. ಫ್ರೇಮಿನ ತಿರುಚು, ಹಿಂದೆ ಎತ್ತರದಲ್ಲಿರುವ ಭಾರ, ಸಡಿಲ ಚೀಲ, ಸಡಿಲ ಹೆಡ್‌ಸೆಟ್ (ಹ್ಯಾಂಡಲ್ ತಿರುಗಲು ಫ್ರೇಮಿನ ಮುಂತುದಿಯಲ್ಲಿರುವ ಬೇರಿಂಗು) ಇವುಗಳಲ್ಲಿ ಎರಡು ಮೂರು ಕೂಡಿದರೆ ಸಾಕು. ಹ್ಯಾಂಡಲನ್ನು ಬಿಗಿಯಾಗಿ ಹಿಡಿದರೆ ಹೆಚ್ಚುತ್ತದೆ. ಎರಡೂ ಮೊಣಕಾಲನ್ನು, ಆಗದಿದ್ದರೆ ಒಂದನ್ನಾದರೂ, ಮೇಲಿನ ಕೊಳವೆಗೆ ಒತ್ತಿ. ಸೀಟಿನಿಂದ ಸ್ವಲ್ಪ ಏಳಿ. ಕೈ ಸಡಿಲ ಬಿಟ್ಟು ಎರಡೂ ಬ್ರೇಕನ್ನು ನಿಧಾನಕ್ಕೆ ಒತ್ತಿ. ನಿಂತ ಮೇಲೆ ಪರೀಕ್ಷೆ ಮಾಡಿ: ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಆಡಿಸಿದರೆ ಹೆಡ್‌ಸೆಟ್ಟಿನಲ್ಲಿ ಟಕ್ ಅನ್ನಬಾರದು, ಕ್ಯಾರಿಯರಿನ ಮೇಲಿನ ಟೆಂಟನ್ನು ಇಳಿಸಿ ಚೀಲದೊಳಗೆ ತಳಕ್ಕೆ ಹಾಕಿ, ಚೀಲದ ಕೆಳಕೊಕ್ಕೆ ಕ್ಯಾರಿಯರಿಗೆ ಕಚ್ಚಿದೆಯೇ ನೋಡಿ. ಸೀಟಿನ ಹಿಂದೆ ನೇತಾಡುವ ಉದ್ದ ಬ್ಯಾಗ್ ಇದ್ದರೆ ಸೀಟಿನ ಕಂಬದ ಕಡೆಯ ತುದಿಗೆ ಭಾರದ ಸಾಮಾನು, ಬಾಲಕ್ಕೆ ಬಟ್ಟೆ.

ಗಾಳಿ ಹೇರಿಗೆ ತಕ್ಕಂತೆ ಬದಲಾಗಲೇಬೇಕು, ಇದನ್ನೇ ಹೆಚ್ಚಿನವರು ಮರೆಯುವುದು. ಮೇಲಿನ ತೂಕಕ್ಕೆ 38 ಮಿಮೀ ಟೈರಿನಲ್ಲಿ ಖಾಲಿ ಇದ್ದಾಗ ಮುಂದೆ 35, ಹಿಂದೆ 48 ಪಿಎಸ್ಐ ಆಸುಪಾಸು; 20 ಕೆಜಿ ಹಂಚಿ ಹಾಕಿದರೆ 44 ಮತ್ತು 58; ಎಲ್ಲ ಹಿಂದೆಯೇ ಇದ್ದರೆ ಹಿಂದಕ್ಕೆ 65. ಅಲ್ಲಿಂದ ಎರಡು ಮೂರು ಪಿಎಸ್ಐ ಅತ್ತಿತ್ತ ನೀವೇ ತಿದ್ದಿಕೊಳ್ಳಿ, ಟೈರಿನ ಪಕ್ಕದಲ್ಲಿ ಅಚ್ಚಾದ ಗರಿಷ್ಠ ಮೀರಬೇಡಿ. ಕಡಿಮೆಯಾದರೆ ಊರ ಮುಂದಿನ ಬಣ್ಣ ಬಳಿಯದ ರಸ್ತೆಯುಬ್ಬಿಗೆ ಬಡಿದು ಟ್ಯೂಬಿಗೆ ಜೋಡಿ ತೂತು ಬೀಳುತ್ತದೆ. ಹೇರಿನ ಗಾಳಿಯಲ್ಲೇ ಖಾಲಿ ಓಡಿಸಿ ‘ಈ ಫ್ರೇಮು ಗಡಸು’ ಅನ್ನುವವರೂ ಬೇಕಾದಷ್ಟಿದ್ದಾರೆ.

ಏರಿಗೆ ಗೇರು. ಮುಂದೆ 26, ಹಿಂದೆ 34 ಹಲ್ಲಿದ್ದರೆ ನಿಮಿಷಕ್ಕೆ 60 ಸುತ್ತು ತುಳಿದಾಗ ವೇಗ 6 ಕಿಮೀ. ಆಲ್-ರೋಡಿನಲ್ಲಿ ಸಾಮಾನ್ಯವಾಗಿ ಸಿಗುವ, ಮುಂದೆ 40, ಹಿಂದೆ 42 ಹಲ್ಲಿನ ಜೋಡಿಗೆ ಅದೇ ತುಳಿತಕ್ಕೆ 7.4. ಒಟ್ಟು 105 ಕೆಜಿಯನ್ನು ಶೇ. 8ರ ಏರಿನಲ್ಲಿ ಒಯ್ಯಲು ಮೊದಲನೆಯದಕ್ಕೆ 150 ವ್ಯಾಟ್, ಎರಡನೆಯದಕ್ಕೆ 185 ಹತ್ತಿರ ಬೇಕು. ಗಂಟೆಗಟ್ಟಲೆ 150 ತುಳಿಯುವವರು ಬಹಳ, 185 ತುಳಿಯುವವರು ಕಡಿಮೆ. ಸೋಮೇಶ್ವರದಿಂದ ಆಗುಂಬೆ ಹತ್ತುವ ಆಸೆಯಿದ್ದರೆ ಮುಂದಿನ ಹಲ್ಲುಚಕ್ರ ಬದಲಿಸುವ ಖರ್ಚನ್ನು ಈಗಲೇ ಸೇರಿಸಿಕೊಳ್ಳಿ.

ಇಳಿಯುವಾಗ ಅದೇ ತೂಕ ಬ್ರೇಕಿಗೆ ಬರುತ್ತದೆ. 500 ಮೀಟರ್ ಎತ್ತರ ಇಳಿದರೆ ಸುಮಾರು 515 ಕಿಲೋಜೌಲ್, ಒಂದೂವರೆ ಲೀಟರ್ ನೀರು ಕುದಿಸುವಷ್ಟು ಶಾಖ. ಗಾಳಿ ಹೊತ್ತೊಯ್ಯುವುದನ್ನು ಕಳೆದು ಮಿಕ್ಕದ್ದೆಲ್ಲ ಬ್ರೇಕಿನ ಪಾಲು. ಉದ್ದಕ್ಕೂ ಸವರುತ್ತಾ ಇಳಿಯಬೇಡಿ. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಆಮೇಲೆ ಬಿಟ್ಟು ಆರಲು ಕೊಡಿ. ಡಿಸ್ಕ್ ಆದರೆ ಮುಂದಕ್ಕೆ 180 ಮಿಮೀ ಒಳ್ಳೆಯದು, ಫೋರ್ಕು ಅದಕ್ಕೆ ಒಪ್ಪಿದರೆ. ಮಳೆಗಾಲದಲ್ಲಿ ಕೆಂಪು ಮಣ್ಣಿನ ಕೆಸರು ರೆಸಿನ್ ಪ್ಯಾಡನ್ನು ಬಲುಬೇಗ ತಿನ್ನುತ್ತದೆ. ಸಿಂಟರ್ಡ್ (ಲೋಹದ ಪುಡಿಯಿಂದ ಮಾಡಿದ) ಪ್ಯಾಡ್ ಹಾಕಿ, ಇನ್ನೊಂದು ಜೊತೆ ಚೀಲದಲ್ಲಿರಲಿ.

ದಾರಿಯಲ್ಲಿ ಮುರಿಯುವುದು ಫ್ರೇಮಲ್ಲ. ಮೊದಲು ಮುರಿಯುವುದು ಹಿಂದಿನ ಚಕ್ರದ ಚೈನ್ ಕಡೆಯ ಕಡ್ಡಿ, ನಂತರ ಕ್ಯಾರಿಯರ್. ಹೇರಿಗೆ ಹಿಂದೆ 36 ಕಡ್ಡಿ ಬೇಕು. ಖಾಲಿ ಓಟಕ್ಕೆ 32 ಧಾರಾಳ. (ಹಾಲಿನ ಕ್ಯಾನು ಹೊರುತ್ತಿದ್ದ ನಮ್ಮ ಹಳೆಯ ಸೈಕಲ್ಲುಗಳಿಗೆ ಹಿಂದೆ 40, ಮುಂದೆ 32 ಕಡ್ಡಿ ಇರುತ್ತಿತ್ತು, ಕಟ್ಟಿದವರಿಗೆ ಭಾರ ಎಲ್ಲಿ ಬೀಳುತ್ತದೆಂದು ಗೊತ್ತಿತ್ತು.) ಹೊಸ ಚಕ್ರವನ್ನು ಹೊರಡುವ ಮುನ್ನ 200–300 ಕಿಮೀ ಓಡಿಸಿ ಒಮ್ಮೆ ಕಡ್ಡಿ ಬಿಗಿ ಮಾಡಿಸಿ. ಸೀಟಿನ ಕಂಬಕ್ಕೆ ಮಾತ್ರ ಕಚ್ಚುವ ಕ್ಯಾರಿಯರ್ ಹೇರಿಗೆ ಆಗುವುದಿಲ್ಲ. ಅಚ್ಚಿನ ಬಳಿಯ ಎರಡು ಎಂ5 ಬೋಲ್ಟುಗಳೇ ಇಡೀ ಭಾರ ಹೊರುವುದು. ನೀಲಿ ಥ್ರೆಡ್‌ಲಾಕರ್ (ಬೋಲ್ಟು ಸಡಿಲವಾಗದಂತೆ ಹಿಡಿಯುವ ಅಂಟು) ಹಚ್ಚಿ, ದಿನಾ ಬೆಳಿಗ್ಗೆ ಕೈಯಾಡಿಸಿ. ನಾಲ್ಕು ಎಂ5 ಬೋಲ್ಟು, ಸರಿ ಉದ್ದದ ಮೂರು ಕಡ್ಡಿ, ಎರಡು ಹೋಸ್ ಕ್ಲಾಂಪ್ ಇಟ್ಟುಕೊಂಡರೆ ಬಹುಪಾಲು ತೊಂದರೆ ದಾರಿಯಲ್ಲೇ ಮುಗಿಯುತ್ತದೆ.

‘ಸ್ಟೀಲಾದರೆ ಯಾವ ಊರಿನಲ್ಲೂ ವೆಲ್ಡ್ ಮಾಡಿಸಬಹುದು’ ಅನ್ನುವುದು ಕ್ಯಾರಿಯರಿಗೆ, ದಪ್ಪ ಕೊಳವೆಗೆ ಸರಿ. 0.6 ಮಿಮೀ ಗೋಡೆಗೆ ಗೇಟು ಬೆಸೆಯುವ ಆರ್ಕ್ ವೆಲ್ಡರ್ ಹಿಡಿದರೆ ತೂತು ಬೀಳುತ್ತದೆ. ಅಂಥ ಕಡೆ ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ ಹಾಕುವವರನ್ನು ಹುಡುಕಿ. ಕರಾವಳಿಯಿಂದ ವಾಪಸಾದ ಮೇಲೆ ಸೀಟಿನ ಕಂಬ ತೆಗೆದು ಸೈಕಲ್ಲನ್ನು ತಲೆಕೆಳಗಾಗಿಸಿ ಒಳಗಿನ ನೀರು ಬಸಿಯಿರಿ, ತುಕ್ಕು ತಡೆಯುವ ಎಣ್ಣೆ ಸಿಂಪಡಿಸಿ.

ಕೊಳ್ಳುವ ಮುನ್ನ ಅಂಗಡಿಯವರು ಒಪ್ಪಿದರೆ ಕ್ಯಾರಿಯರಿನ ಎರಡೂ ಪಕ್ಕ ಐದೈದು ಕೆಜಿ ಅಕ್ಕಿ ಚೀಲ ಕಟ್ಟಿ ಓಡಿಸಿ. ಸಮತಟ್ಟಿನಲ್ಲಿ 20 ಕಿಮೀ ವೇಗದಲ್ಲಿ ಒಂದು ಕೈ ಬಿಡಿ, ಆಮೇಲೆ ಸಣ್ಣ ಏರಿನಲ್ಲಿ ಎದ್ದುನಿಂತು ತುಳಿಯಿರಿ, ಕೊನೆಗೆ ವಾಹನಗಳಿಲ್ಲದ ಇಳಿಜಾರಿನಲ್ಲಿ 30ರ ವೇಗದಲ್ಲಿ ಹ್ಯಾಂಡಲನ್ನು ಬೆರಳಿನಿಂದ ಸಣ್ಣಗೆ ತಟ್ಟಿ. ನಡುಕ ಎರಡು ಸುತ್ತಿನಲ್ಲಿ ತಣ್ಣಗಾದರೆ ಫ್ರೇಮು ಆ ಹೇರಿಗೆ ಸಾಕು. ಬೆಳೆಯುತ್ತಾ ಹೋದರೆ ಬೇರೆ ನೋಡಿ. ಆಲ್-ರೋಡಿಗೆ ಕಾರ್ಬನ್ ಫೋರ್ಕು ಇದ್ದರೆ ಅದರ ಬೋಲ್ಟುಗಳಿಗೆ ಪಕ್ಕಕ್ಕೆಷ್ಟು ಕೆಜಿ ಮಿತಿ ಎಂದು ಕೈಪಿಡಿಯಲ್ಲಿ ಓದಿ. ಹಲವು ಫೋರ್ಕುಗಳಿಗೆ ಲೋ-ರೈಡರ್ ಹಾಕಲು ಅನುಮತಿಯೇ ಇರುವುದಿಲ್ಲ.