ಮಾಲ್ಡೀವ್ಸ್‌ ಬಟ್ಟೆ ಕ್ರೂಸ್‌ಗೆ ಸಾಲುತ್ತಾ?

ಮಾಲ್ಡೀವ್ಸ್‌ ರೆಸಾರ್ಟಿಗೆ ತಗೊಂಡ ಬಟ್ಟೆಯೇ ಸಿಂಗಾಪುರದ ಕ್ರೂಸ್‌ಗೂ ಸಾಕಾ ಅಂತ ಕೇಳಿದ್ದೀರಿ. ಸಾಲುವುದಿಲ್ಲ ಮೇಡಂ. ರೆಸಾರ್ಟಿನಲ್ಲಿ ತೆಳು ಕಾಟನ್, ಈಜುಡುಗೆ, ಹವಾಯಿ ಚಪ್ಪಲಿ ಸಾಕು. ಎಷ್ಟೋ ಕಡೆ ಊಟದ ಜಾಗದಲ್ಲೂ ನೆಲಕ್ಕೆ ಮರಳೇ, ಹೀಲ್ಸ್ ಹೂತುಹೋಗುತ್ತವೆ. ಊರಿನವರು ವಾಸವಿರುವ ದ್ವೀಪಕ್ಕೆ ಹೋದರೆ ಮಾತ್ರ ಭುಜ, ಮೊಣಕಾಲು ಮುಚ್ಚಿರಲಿ.

ಹಡಗಿನಲ್ಲಿ ಹಾಗಲ್ಲ. ಒಳಗೆ ಏಸಿ ಜೋರು, ಡೆಕ್ ಮೇಲೆ ಗಾಳಿ ಜೋರು. ಮೊದಲ ರಾತ್ರಿ ನಾನು ದುಪಟ್ಟಾ ಸುತ್ತಿಕೊಂಡು ನಡುಗುತ್ತಲೇ ಊಟ ಮಾಡಿದ್ದೆ. ಒಂದು ಸ್ವೆಟರ್ ಖಂಡಿತ ಇಟ್ಟುಕೊಳ್ಳಿ. ದೊಡ್ಡ ಡೈನಿಂಗ್ ಹಾಲಿನಲ್ಲಿ ರಾತ್ರಿ ಚಡ್ಡಿ, ಚಪ್ಪಲಿ ಸಾಮಾನ್ಯವಾಗಿ ನಡೆಯುವುದಿಲ್ಲ, ಯಜಮಾನರಿಗೆ ಹೇಳಿ. ಸಿಂಗರಿಸಿಕೊಂಡು ಊಟಕ್ಕೆ ಹೋಗುವ ಫಾರ್ಮಲ್ ನೈಟ್‌ಗೆ ಸುಮ್ನೆ ಗೌನ್ ಕೊಳ್ಳಬೇಡಿ, ಮೈಸೂರು ಸಿಲ್ಕ್ ಸೀರೆ ಚೆನ್ನಾಗಿ ಒಪ್ಪುತ್ತದೆ. ಮಡಿಚಿಟ್ಟರೂ ಜಾಸ್ತಿ ಜಾಗ ಬೇಡ. ಇಸ್ತ್ರಿ ಪೆಟ್ಟಿಗೆ ಒಯ್ಯಬೇಡಿ, ಬೆಂಕಿಯ ಭಯಕ್ಕೆ ಹೆಚ್ಚಿನ ಹಡಗುಗಳಲ್ಲಿ ಬಿಡುವುದಿಲ್ಲ.